ಕೈಗವಸು ಹಾಕಿದ ದೊಡ್ಡಮ್ಮ

"ತೆಂಗಿನೆಣ್ಣೆಯ ಊರಲ್ಲಿ ಹುಟ್ಟಿ ತಲೆಗೆ ಬರೀ ನೀರು ಹಾಕುವ ಹೆಂಗಸನ್ನು ಎಲ್ಲಾದರೂ ನೋಡಿದ್ದುಂಟಾ?" ಬಿಕರ್ನಕಟ್ಟೆಯ ನೆರೆಕರೆಯವರು ಕುಶಲಾಳ ಬಗ್ಗೆ ಹೀಗೆ ಹೇಳುತ್ತಿದ್ದರು. ಪಕ್ಕದ ಮನೆಯ ಪಾತುಮ್ಮನದ್ದು ಇನ್ನೂ ಒಂದು ಕೈ ಮೇಲೆ: "ಅವರ ಮನೆಗೆ ಬೆಕ್ಕೂ ಹೋಗುವುದಿಲ್ಲ ಮಾರಾಯ್ತಿ. ಎಣ್ಣೆಯಲ್ಲಿ ಮೀನು ಕಾಯಿಸಿದರಲ್ವಾ ಹೋಗುವುದು?"

ಅವಳಿಗೆ ಎಣ್ಣೆ ಬಿಡಿಸಿದ್ದು ಬೈಕಂಪಾಡಿಯ ಒಂದು ಸಣ್ಣ ಕಾರ್ಖಾನೆ. ಆಪರೇಷನ್ನಿನ ಕತ್ತರಿ, ಚಿಮುಟಗಳಿಗೆ ಅಲ್ಲಿ ಹೊಂಬಣ್ಣದ ಲೇಪ ಕೊಡುತ್ತಾರೆ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಗೂಡಿನೊಳಗೆ ಟೈಟಾನಿಯಂ ಕಾದು ಆವಿಯಾಗಿ, ಸಾರಜನಕದ ಜೊತೆ ಸೇರಿ, ಮಂಜು ಕೂತ ಹಾಗೆ ಕತ್ತರಿಯ ಮೇಲೆ ಕೂರುತ್ತದೆ. ಕೂದಲೆಳೆಗಿಂತ ಎಷ್ಟೋ ತೆಳು, ಆದರೆ ಉಕ್ಕಿಗಿಂತ ಗಟ್ಟಿ. ಗೂಡಿಗೆ ಹೋಗುವ ಮೊದಲು ಅವನ್ನು ತೊಳೆದು, ಒಣಗಿಸಿ, ಕೊಕ್ಕೆಗೆ ತೂಗಹಾಕುವ ಕೆಲಸ ಕುಶಲಾಳದ್ದು. ಬೆರಳಿನ ಜಿಡ್ಡು ಒಂದು ಚುಕ್ಕಿ ತಾಗಿದರೂ ಲೇಪ ಅಲ್ಲಿ ಹಿಡಿಯದು, ಸಿಪ್ಪೆಯಂತೆ ಏಳುತ್ತದೆ. ಕೈಗವಸು ಇತ್ತು, ಆದರೂ ಅವಳಿಗೆ ಧೈರ್ಯ ಸಾಲಲಿಲ್ಲ. ಎಣ್ಣೆ ಬಿಟ್ಟಳು, ಮಲ್ಲಿಗೆ ಬಿಟ್ಟಳು, ತಿಂಡಿ ಕರಿಯುವ ಮನೆಗಳಿಗೆ ಹೋಗುವುದನ್ನೂ ಬಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಅವಳು ತೂಗಹಾಕಿದ ಒಂದು ಕತ್ತರಿಯೂ ವಾಪಸ್ ಬರಲಿಲ್ಲ. ಮನೆಗೆ ಕರೆಯುವವರು ಮಾತ್ರ ಒಬ್ಬೊಬ್ಬರಾಗಿ ಇಲ್ಲವಾದರು.

ಉಳಿದವಳು ಒಬ್ಬಳೇ, ತೀರಿಹೋದ ತಂಗಿಯ ಮಗಳು ಅನುಷ್ಕಾ. ತನ್ನ ಮದುವೆಯ ಮುಂಚಿನ ದಿನ ಮದುಮಗಳ ನೆತ್ತಿಗೆ ಎಣ್ಣೆ ಇಡಲು ಅವಳು ಹಟ ಹಿಡಿದು ಕರೆದಳು: "ಅಮ್ಮನ ಜಾಗದಲ್ಲಿ ನೀವೇ ಇಡಬೇಕು ದೊಡ್ಡಮ್ಮ."

ಕುಶಲಾ ಹೋದಳು. ಎಣ್ಣೆಯ ಬಟ್ಟಲು ಮುಂದೆ ಬಂದಾಗ ಚೀಲದಿಂದ ಕಾರ್ಖಾನೆಯ ಕೈಗವಸು ತೆಗೆದು ಹಾಕಿಕೊಂಡಳು. ರಬ್ಬರಿನ ಬೆರಳು ನೆತ್ತಿಗೆ ತಾಗಿದ್ದೇ ಅನುಷ್ಕಾ ತಲೆ ಸರಿಸಿದಳು.

"ನಾನು ಎಂತ, ಹೆಣವಾ ದೊಡ್ಡಮ್ಮ?"

"ಅಲ್ಲ ಮಗಾ, ಸೋಮವಾರ ಡ್ಯೂಟಿ ಉಂಟು..."

ಪುತ್ತೂರಿನ ಗಂಡನ ಮನೆಗೆ ಹೋದ ಮೇಲೆ ಅನುಷ್ಕಾ ಫೋನೂ ಎತ್ತಲಿಲ್ಲ. ಸೋಮವಾರದ ಕತ್ತರಿಗಳು ಎಂದಿನಂತೆ ಒಂದು ಕಲೆಯೂ ಇಲ್ಲದೆ ಬಂದವು. ಕುಶಲಾ ಅವನ್ನು ನೋಡುತ್ತಾ ಊಟದ ಗಂಟೆ ಹೊಡೆದರೂ ನಿಂತೇ ಇದ್ದಳು. ಎರಡು ವರ್ಷ ಹೀಗೇ ಹೋಯಿತು. ಅನುಷ್ಕಾ ಬಸುರಿ ಎಂಬ ಸುದ್ದಿಯೂ ಬೇರೆಯವರ ಬಾಯಿಂದ ಬಂತು. ಅದೇ ವಾರ ಕುಶಲಾ ಕೆಲಸ ಬಿಟ್ಟಳು, ಬಾಡಿಗೆಮನೆಯನ್ನೂ ಬಿಟ್ಟಳು.

ಮನೆಯ ಧಣಿ ಬಂದಾಗ ಕೊಡಲೆಂದು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಇಡಲು ಹೋದಾಗ ಪಾತುಮ್ಮ ಕೇಳಿದಳು, "ಎಲ್ಲಿಗೆ ಕುಶಲಕ್ಕ, ಗಂಟುಮೂಟೆ ಕಟ್ಟಿ?"

"ಪುತ್ತೂರಿಗೆ. ಅವಳ ಮನೆಯ ಹತ್ತಿರ ಒಂದು ರೂಮು ಹಿಡಿದಿದ್ದೇನೆ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲಿಕ್ಕೆ ಜನ ಬೇಕಲ್ಲ."

"ಅವಳು ಕರೆದಳಾ?"

"ಇಲ್ಲ."

"ಬಾಗಿಲು ತೆಗೆಯದಿದ್ದರೆ?"

"ಮರುದಿನ ಪುನಃ ಹೋಗ್ತೇನೆ. ಹತ್ತಿರವೇ ಅಲ್ವಾ."

ಪಾತುಮ್ಮ ಬೀಗದ ಕೈ ತೆಗೆದುಕೊಂಡಳು. ಕುಶಲಾ ಚೀಲ ಎತ್ತಿಕೊಂಡು, ಅಂಗಳ ದಾಟಿ, ಪುತ್ತೂರಿನ ಬಸ್ಸು ಹಿಡಿಯಲು ನಂತೂರಿನ ಕಡೆಗೆ ನಡೆದಳು.