ಪಿಲ್ಲರ್ ಗುಂಡಿಯ ಮಲ್ಲಿಗೆ

ಹೊರಮಾವಿನ ಆಂಜನಮ್ಮನಿಗೆ ಕೂತಲ್ಲಿ ಕೂರುವ ಜಾಯಮಾನವೇ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಕೋಳಿ ಕೂಗುವ ಮುಂಚೆ ಎದ್ದು ಕಾಕಡ ಮಲ್ಲಿಗೆಯ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲ ಬಸ್ಸಿಗೆ ಶಿವಾಜಿನಗರದ ಹೂವಿನಂಗಡಿಗೆ ಮುಟ್ಟಿಸಿದ ಜೀವ ಅದು. ಮೊಗ್ಗು ಅರಳುವುದರೊಳಗೆ ಮಾರ್ಕೆಟ್ಟು ಸೇರಬೇಕು, ಅರಳಿದ ಮೇಲೆ ಕೇಳುವವರಿಲ್ಲ. ಆಮೇಲೆ ತೋಟ ಲೇಔಟಾಯಿತು. ಮೂರಂತಸ್ತಿನ ಮನೆ ಎದ್ದಿತು, ಕೆಳಗಿನ ಮನೆಗಳಿಗೆ ಬಾಡಿಗೆಯವರು ಬಂದರು, ಆಂಜನಮ್ಮನ ಕೈ ಖಾಲಿಯಾಯಿತು. ಖಾಲಿ ಕೈಯಲ್ಲಿ ಏನು ಮಾಡುವುದು? ಸಿಮೆಂಟಿನ ಅಂಗಳ ಗುಡಿಸುವುದು, ಗುಡಿಸಿದ್ದನ್ನೇ ಮತ್ತೆ ಗುಡಿಸುವುದು. "ನೆಲ ಸವೆದೋಗುತ್ತೆ, ಬಿಡೇ" ಎಂದು ಗಂಡ ಮುನಿನಾರಾಯಣಪ್ಪ ರೇಗುತ್ತಿದ್ದ.

ಮನೆಯ ಪಕ್ಕ ಒಂದೇ ಒಂದು ಸೈಟು ಉಳಿದಿತ್ತು. "ಅದೊಂದು ನನಗೆ ಬಿಡೋ, ನಾಕು ಹೂವಿನ ಗಿಡ ಹಾಕ್ಕೋತೀನಿ" ಎಂದು ಮಗ ಪ್ರೇಮ್‌ಕುಮಾರನನ್ನು ಆಂಜನಮ್ಮ ಎಷ್ಟೋ ಸಲ ಕೇಳಿದ್ದಳು. ಪ್ರತಿ ಸಲವೂ ಅವನದು ಒಂದೇ ಉತ್ತರ: "ನೋಡೋಣಮ್ಮ." ಅವನು ನೋಡೋಣ ಎಂದದ್ದು ಯಾವುದೂ ಈವರೆಗೆ ಆದದ್ದಿಲ್ಲ. ಹೆತ್ತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಎರಡು ಸಾವಿರದ ನಾಲ್ಕರ ಮಳೆಗಾಲ ಮುಗಿಯುತ್ತಿದ್ದಂತೆ ಸೊಸೆ ಯಮುನಾಳ ಮಹಿಳಾ ಸಂಘದವರು ಕಮ್ಮನಹಳ್ಳಿಯಿಂದ ಬಸ್ಸು ಮಾಡಿಕೊಂಡು ಕರಾವಳಿಯ ತೋಟಗಳನ್ನು ನೋಡಲು ಹೊರಟರು. "ಅತ್ತೇ, ನೀವೂ ಬನ್ನಿ" ಎಂದು ಯಮುನಾ ಕರೆದಳು. ಎಂದೂ ಇಲ್ಲದಂತೆ ಪ್ರೇಮ್‌ಕುಮಾರ್ ತಾನೇ ಬಂದು ಅಮ್ಮನ ಬ್ಯಾಗನ್ನು ಬಸ್ಸಿಗೆ ಏರಿಸಿದ. ಇದರಲ್ಲೇನೋ ಇದೆ ಎಂದು ಆಂಜನಮ್ಮನಿಗೆ ಆಗಲೇ ಅನುಮಾನ ಬಂತು.

ಕರಾವಳಿಯ ತೋಟಗಳು ಚೆಂದವೇ ಇದ್ದವು, ಇಲ್ಲವೆನ್ನುವಂತಿಲ್ಲ. ಹಿತವಾದ ಗಾಳಿ, ಕೆಂಪು ಮಣ್ಣು, ಕೆರೆಯ ತುಂಬ ತಾವರೆ, ಆಳೆತ್ತರದ ಜರಿಗಿಡಗಳು. ಸಂಘದ ಹೆಂಗಸರು ಬೆಂಚು ಕಂಡಲ್ಲೆಲ್ಲ ಕೂತು ಫೋಟೋ ತೆಗೆಸಿಕೊಂಡರು. ಆಂಜನಮ್ಮ ಮಾತ್ರ ಗೇಟಿಗೂ ಬಸ್ಸಿಗೂ ಓಡಾಡಿದಳು. ಯಮುನಾಳ ಮೊಬೈಲು ಸದ್ದು ಮಾಡಿದಾಗಲೆಲ್ಲ ಅವಳ ಕಿವಿ ಅತ್ತಲೇ. ಸಂಜೆ ಅವಳು ಗಂಡನ ಜೊತೆ ಆಡಿದ ಮಾತು ಕೇಳಿಯೇಬಿಟ್ಟಿತು. "ಜೆಸಿಬಿ ಬಂತಾ? ಗುಂಡಿ ಎಲ್ಲಾ ಆಯ್ತಾ? ಸರಿ ರೀ, ಅತ್ತೆಗೆ ನಾನೇನೂ ಹೇಳಿಲ್ಲ."

ಅಂದು ಅವರೆಲ್ಲ ಉಳಿದುಕೊಂಡದ್ದು ಸಾಲೇಹಾ ಎಂಬ ನಿವೃತ್ತ ಟೀಚರಮ್ಮನ ಮನೆಯಲ್ಲಿ. ಮನೆಯ ಸುತ್ತ ಮಲ್ಲಿಗೆಯ ತೋಟ. ಮಾರುವುದಕ್ಕಲ್ಲ, ನೋಡುವುದಕ್ಕೆಂದೇ ಬೆಳೆಸಿದ್ದು. ಸಂಜೆ ಹೊತ್ತು ಮೊಗ್ಗು ಬಿರಿಯುವುದನ್ನು ಕಾಣಲು ದೂರದೂರದಿಂದ ಜನ ಬರುತ್ತಿದ್ದರು. ಆಂಜನಮ್ಮನಿಗೆ ಕಂಡದ್ದು ಗಿಡದ ಬುಡದಲ್ಲಿ ಬಿದ್ದು ಕಂದಿಹೋದ ಹೂವಿನ ರಾಶಿ. ಅಯ್ಯೋ, ಬಿಡಿಸುವವರು ದಿಕ್ಕಿಲ್ಲವೇ ಇಲ್ಲಿ?

ನಿದ್ದೆ ಅವಳ ಹತ್ತಿರ ಸುಳಿಯಲಿಲ್ಲ. ಕಣ್ಣು ಮುಚ್ಚಿದರೆ ಸೈಟಿನ ಮಣ್ಣನ್ನು ಜೆಸಿಬಿ ಬಗೆಯುತ್ತಿತ್ತು. ಬೆಳಗಿನ ಜಾವ ಎದ್ದು ಸೆರಗು ಸಿಕ್ಕಿಸಿ ಗಿಡಗಳ ನಡುವೆ ಇಳಿದಳು. ಬಿಡಿಸಬೇಕೆಂದು ಯೋಚಿಸಿ ಬಿಡಿಸಿದ್ದಲ್ಲ, ಹೊತ್ತು ಕೈಯನ್ನು ಕರೆಯಿತು, ಕೈ ಹೋಯಿತು. ಎಷ್ಟೋ ವರ್ಷಗಳ ಮೇಲೆ ಎದೆ ಹಗುರಾಯಿತು. ಬೆಳಕು ಹರಿಯುವಾಗ ಮಡಿಲು ತುಂಬಿತ್ತು, ತೋಟದಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ.

ಹೊರಗೆ ಬಂದ ಸಾಲೇಹಾ ಗಿಡಗಳನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ಎಂತ ಮಾಡಿದ್ದು ಮಾರಾಯ್ರೆ ನೀವು? ಇವತ್ತು ನೋಡ್ಲಿಕ್ಕೆ ಜನ ಬರ್ತಾರೆ!"

ಯಮುನಾ ನಾಚಿಕೆಯಿಂದ ಕುಗ್ಗಿಹೋದಳು. ಆಂಜನಮ್ಮನಿಗೆ ಆಗ ಎಚ್ಚರವಾಯಿತು. ತಾನು ಬಿಡಿಸಿದ್ದು ಇನ್ನೊಬ್ಬರ ತೋಟ! ಮಧ್ಯಾಹ್ನದವರೆಗೂ ತಲೆಯೆತ್ತದೆ ಅಷ್ಟೂ ಮೊಗ್ಗನ್ನು ದಾರಕ್ಕೆ ಕಟ್ಟಿದಳು. ಸಂಜೆ ಬಂದ ಜನ ಆ ಮಾಲೆಗಳನ್ನೇ ಮುಡಿದು ಹೋದರು. ಸಾಲೇಹಾರ ಮುಖ ಸಡಿಲವಾಯಿತು, ಆದರೂ ಅವರು ಹೇಳುವುದನ್ನು ಬಿಡಲಿಲ್ಲ. "ಕಟ್ಟಿದ್ದು ಚಂದ ಉಂಟು. ಆದ್ರೆ ನೀವು ಒಂದು ಮಾತು ಕೇಳ್ಬೇಕಿತ್ತು."

ಕೇಳಬೇಕಿತ್ತು. ಆಂಜನಮ್ಮನಿಗೆ ಅಳು ಉಕ್ಕಿತು. ತಪ್ಪು ತನ್ನದೇ, ಸರಿ. ತನ್ನನ್ನು ಯಾರು ಕೇಳಿದ್ದರು?

"ನಿಮ್ಮ ತೋಟ ಎಲ್ಲಿ?" ಅಳುವವಳನ್ನು ಸಮಾಧಾನ ಮಾಡಲು ಸಾಲೇಹಾ ಕೇಳಿದರು.

"ಹೊರಮಾವಲ್ಲಿದೆ ಅಮ್ಮ. ಮನೆ ಪಕ್ಕದಲ್ಲೇ" ಎಂದುಬಿಟ್ಟಳು ಆಂಜನಮ್ಮ.

"ಹೌದಾ? ನನ್ನ ತಂಗಿ ಇಂದಿರಾನಗರದಲ್ಲಿದ್ದಾಳೆ. ಬಂದಾಗ ನೋಡ್ಲಿಕ್ಕೆ ಬರ್ತೇನೆ." ಸಾಲೇಹಾ ಬೇರು ಬಂದ ಮಲ್ಲಿಗೆ ಕಡ್ಡಿಗಳನ್ನು ಗೋಣಿಯಲ್ಲಿ ಸುತ್ತಿಕೊಟ್ಟರು. ಯಮುನಾ ಪಕ್ಕದಲ್ಲೇ ನಿಂತಿದ್ದಳು, ಅತ್ತೆಯ ಸುಳ್ಳನ್ನು ಬಯಲು ಮಾಡಲಿಲ್ಲ. ಬಸ್ಸಿನಲ್ಲಿ ಗೋಣಿಯನ್ನು ತಾನೇ ತೊಡೆಯ ಮೇಲಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಮನೆ ಮುಟ್ಟಿದಾಗ ಪ್ರೇಮ್‌ಕುಮಾರ್ ಕಬ್ಬಿಣ ಕೊಳ್ಳಲು ಹೋಗಿದ್ದ. ಸೈಟಿನ ತುಂಬ ಪಿಲ್ಲರ್ ಗುಂಡಿಗಳು ಬಾಯಿ ತೆರೆದು ನಿಂತಿದ್ದವು. ಆಂಜನಮ್ಮ ಒಳಗೆ ಹೋಗಿ ಕೈಕಾಲನ್ನೂ ತೊಳೆಯಲಿಲ್ಲ. ಸನಿಕೆ ತಂದು ಒಂದೊಂದೇ ಗುಂಡಿಗೆ ಮಣ್ಣು ಎಳೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಯಮುನಾ ಪಕ್ಕದ ಬೀದಿಯ ಹಸುವಿನ ಕೊಟ್ಟಿಗೆಯಿಂದ ಒಂದು ಮಂಕರಿ ಗೊಬ್ಬರ ಹೊತ್ತು ತಂದಳು. ಅತ್ತೆ ಕಡ್ಡಿ ನೆಟ್ಟಳು, ಸೊಸೆ ಬುಡಕ್ಕೆ ಗೊಬ್ಬರ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಗುಂಡಿಗೊಂದು ಮಲ್ಲಿಗೆ ನಿಂತಿತ್ತು.

ಪ್ರೇಮ್‌ಕುಮಾರ್ ಕಬ್ಬಿಣದ ಗಾಡಿಯ ಜೊತೆ ಬಂದವನು ಅಲ್ಲೇ ನಿಂತುಬಿಟ್ಟ. "ಏನಮ್ಮಾ ಇದು? ಇವು ಪಿಲ್ಲರ್ ಗುಂಡಿಗಳಮ್ಮ!"

"ಗೊತ್ತು ಕಣೋ. ಚೆನ್ನಾಗೇ ತೋಡ್ಸಿದೀಯ."

"ಒಂದ್ ಮಾತು ನನ್ನನ್ನ ಕೇಳ್ಬೇಕಿತ್ತಲ್ಲಮ್ಮ!"

ಆಂಜನಮ್ಮ ಮಣ್ಣಿನ ಕೈಯಲ್ಲೇ ಅವನನ್ನು ನೋಡಿದಳು. "ಹೌದಪ್ಪ" ಎಂದಳು, "ಕೇಳ್ಬೇಕಿತ್ತು."

ಪ್ರೇಮ್‌ಕುಮಾರ್ ಹೆಂಡತಿಯ ಕಡೆ ತಿರುಗಿದ. ಅವಳ ಸೀರೆಯ ತುಂಬ ಗೊಬ್ಬರ. ಅವನು ಕಣ್ಣು ಕೆಳಗೆ ಹಾಕಿದ.

ಮೇಸ್ತ್ರಿ ಚಲುವಯ್ಯ ಗಾಡಿಯಿಂದ ಕೂಗಿದ: "ಸಾರ್, ಕಂಬಿ ಇಳಿಸ್ಲಾ?"

"ತಡಿಯಪ್ಪ" ಎಂದ ಪ್ರೇಮ್‌ಕುಮಾರ್. "ಅಮ್ಮನ್ನ ಕೇಳಿ ಹೇಳ್ತೀನಿ."