ಹಾಲೇಶಣ್ಣನ ಹೆಸರಿನಲ್ಲಿ ನಾನು ಎಳೆದ ಗೆರೆ

ತೊಟ್ಟಿ ತುಂಬಿದಾಗ ಬೆಲ್ ಹೊಡೆಯುವ ಸರ್ಕ್ಯೂಟಿನ ಮೊದಲ ಚಿತ್ರದಲ್ಲಿದ್ದ ತಪ್ಪು ಹಾಲೇಶಣ್ಣನದಲ್ಲ, ನನ್ನದು. ತಪ್ಪು ಯಾರದೆಂದು ಅವರೇ ಕೇಳಿದಾಗ ಸುಳ್ಳು ಹೇಳಿದೆ. ಆರು ವರ್ಷ ಆ ಸುಳ್ಳನ್ನು ಹಾಗೆಯೇ ಇರಲು ಬಿಟ್ಟೆ.

ಆ ಚಿತ್ರವನ್ನು ನೆಟ್‌ನ ಈ ಪುಟದಿಂದ ಇಳಿಸಿಕೊಂಡವರು, ಅದರ ಕೆಳಗೆ ನನ್ನನ್ನು ಹೊಗಳಿ ಬರೆದವರು ಇದನ್ನು ಓದಬೇಕು. ನಡೆದದ್ದನ್ನು ನಡೆದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ — ನೆನಪು ನನಗೆ ಅನುಕೂಲವಾದ ಕಡೆಗೆ ವಾಲಿತು ಅನ್ನಿಸಿದಲ್ಲೆಲ್ಲ ನಿಂತು ನೋಡಿಕೊಳ್ಳುತ್ತೇನೆ.

ಹಾಲೇಶಣ್ಣ ಚನ್ನಗಿರಿಯಲ್ಲಿ ರೇಡಿಯೊ, ಸ್ಟೆಬಿಲೈಸರ್, ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತಿದ್ದರು. ನಾನು ಜಗಳೂರಿನವಳು. ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಇದ್ದಾಗ ಅವರ ಅಂಗಡಿಯಲ್ಲಿ ಎರಡು ವರ್ಷ ಕಲಿತೆ. ಬೆಸುಗೆ ಹಾಕುವಾಗ ನನ್ನ ಕೈ ನಡುಗಿದರೆ ಬೈಯುತ್ತಿರಲಿಲ್ಲ. "ಉಸಿರು ಬಿಡು ತಂಗಿ, ಅದೇನು ಎದ್ದು ಓಡಿ ಹೋಗಲ್ಲ" ಎನ್ನುತ್ತಿದ್ದರು.

ಅವರ ಬಳಿ ಒಂದು ದಪ್ಪ ಡ್ರಾಯಿಂಗ್ ಪುಸ್ತಕವಿತ್ತು. ತಾವೇ ಕಟ್ಟಿದ ಸರ್ಕ್ಯೂಟುಗಳನ್ನೆಲ್ಲ ಅದರಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಒಂದು ತಂತಿ ಇನ್ನೊಂದನ್ನು ಮುಟ್ಟದೆ ದಾಟುವಲ್ಲಿ ಪುಟ್ಟ ಕಮಾನು; ಎರಡೂ ಕೂಡುವಲ್ಲಿ ಮಾತ್ರ ಚುಕ್ಕೆ. ಕಮಾನು ಹಳೇ ಪದ್ಧತಿ, ಈಗ ಯಾರೂ ಬರೆಯುವುದಿಲ್ಲ ಎಂದು ಒಮ್ಮೆ ಓದಿದ ಜಂಬದಲ್ಲಿ ಹೇಳಿದ್ದೆ. ಅವರು ನಕ್ಕರು. "ನಿಮ್ಮ ಕಾಲೇಜಿನೋರಿಗೆ ಕಣ್ಣು ಚೆನ್ನಾಗೈತೆ. ನನ್ನ ಚಿತ್ರ ನೋಡೋರು ಕನ್ನಡಕ ಮನೇಲಿ ಬಿಟ್ಟು ಬರ್ತಾರೆ."

ಆ ಚಿತ್ರಗಳನ್ನು ಎಲ್ಲರಿಗೂ ಸಿಗುವ ಹಾಗೆ ನೆಟ್‌ನಲ್ಲಿ ಹಾಕೋಣ ಎಂದವಳು ನಾನೇ. ಅವರಿಗೆ ಸಂಕೋಚ. ಹಲವು ಸಲ ಕೇಳಿದ ಮೇಲೆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಟ್ಟರು.

ಉಚಿತವಾಗಿ ಸಿಗುವ ಮೂರು ಸಾಫ್ಟ್‌ವೇರ್‌ಗಳನ್ನು ನೋಡಿದೆ. ಮೊದಲನೆಯದು ಬ್ರೌಸರಿನಲ್ಲೇ ತೆರೆಯುತ್ತಿತ್ತು. ನಮ್ಮ ಮನೆಯಲ್ಲಿ ನೆಟ್ ಹೋದಾಗ ಬರೆದದ್ದೂ ಹೋಗುತ್ತಿತ್ತು. ಎರಡನೆಯದು ವೃತ್ತಿಯವರು ಬಳಸುವಂಥದ್ದು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನಿಧಾನ, ಕಲಿಯಲು ಕಷ್ಟ. ಆದರೆ ಚಿತ್ರ ಮುಗಿದ ಮೇಲೆ ಅದನ್ನು ಪರೀಕ್ಷಿಸಿ, ಕೂಡಬಾರದ ತಂತಿಗಳು ಕೂಡಿದ್ದರೆ ಪಟ್ಟಿ ಮಾಡಿ ತೋರಿಸುತ್ತಿತ್ತು. ನನ್ನ ಮೊದಲ ಪ್ರಯತ್ನಕ್ಕೆ ಅದು ಹನ್ನೊಂದು ಎಚ್ಚರಿಕೆ ಕೊಟ್ಟಿತು. ಒಂದನ್ನೂ ಪೂರ್ತಿ ಓದದೆ ಮುಚ್ಚಿದೆ. ಮೂರನೆಯದು ಬರೀ ಗೆರೆ ಎಳೆಯಲು ಇದ್ದದ್ದು. ಏನನ್ನೂ ಕೇಳುತ್ತಿರಲಿಲ್ಲ. ಗೆರೆ ನುಣುಪು, ಫೋನಿನಲ್ಲಿ ನೋಡಲು ಲಕ್ಷಣ. ಅದನ್ನೇ ಆರಿಸಿದೆ. ಸುಲಭ ಎಂದು, ಬೇಗ ಎಂದು ಕಾರಣ ಕೊಡಬಹುದು — ಇಲ್ಲ, ಚೆಂದ ಕಾಣುತ್ತದೆಂದು ಆರಿಸಿದೆ.

ತೊಟ್ಟಿಯ ಚಿತ್ರದಲ್ಲಿ ಮಟ್ಟ ತಿಳಿಯಲು ನೀರಿಗೆ ಇಳಿಬಿಟ್ಟ ಲೋಹದ ಕಡ್ಡಿಯ ತಂತಿ, ಮನೆಯ ಕರೆಂಟಿನ ತಂತಿಯನ್ನು ಒಂದು ಕಡೆ ದಾಟುತ್ತಿತ್ತು. ಫೋನಿನ ಅಗಲಕ್ಕೆ ಹೊಂದಲಿ ಎಂದು ಎರಡನ್ನೂ ಎಳೆದು ನೇರ ಮಾಡಿದೆ. ಅವು ಸಂಧಿಸಿದಲ್ಲಿ ಸಾಫ್ಟ್‌ವೇರ್ ತಾನಾಗಿ ಚುಕ್ಕೆ ಇಟ್ಟಿತು. ತಾನಾಗಿ — ಈ ಪದದ ಹಿಂದೆ ಎಷ್ಟು ಸಲ ಅವಿತುಕೊಂಡಿದ್ದೇನೆ. ಆ ಚುಕ್ಕೆಯಂತೆ ಜೋಡಿಸಿದರೆ ಮನೆಯ ಕರೆಂಟು ನೀರಿಗೇ ಇಳಿಯುತ್ತದೆ. ಪುಸ್ತಕದ ಜೊತೆ ಇಟ್ಟು ಒಮ್ಮೆ ಹೋಲಿಸಿದ್ದರೆ ಕಾಣುತ್ತಿತ್ತು. ಹೋಲಿಸಲಿಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದೆ: ರಚನೆ, ಹಾಲೇಶಪ್ಪ, ಚನ್ನಗಿರಿ. ಗೌರವಕ್ಕೆಂದು ಹಾಕಿದ ಹೆಸರು ಅದು. ನನ್ನ ಹೆಸರು ಎಲ್ಲೂ ಇರಲಿಲ್ಲ.

ನ್ಯಾಮತಿಯ ಟೈಲರ್ ಒಬ್ಬರಿಗೆ ಇಂಥವನ್ನು ಕಟ್ಟುವ ಹುಚ್ಚು. ಚಿತ್ರದಲ್ಲಿದ್ದಂತೆಯೇ ಒಂದು ಗೆರೆಯೂ ತಪ್ಪದೆ ಜೋಡಿಸಿದರು. ಮರುದಿನ ಬೆಳಿಗ್ಗೆ ಅವರ ಹೆಂಡತಿ ರೇಣುಕಮ್ಮ ತೊಟ್ಟಿಗೆ ಬಿಂದಿಗೆ ಅದ್ದಿದರು. ಕರೆಂಟು ಅವರನ್ನು ಹಿಂದಕ್ಕೆ ಎಸೆಯಿತು. ಮೊಣಕೈ ಮೂಳೆ ಮುರಿಯಿತು. ಜೀವ ಉಳಿಯಿತು.

ಟೈಲರ್ ಚನ್ನಗಿರಿಯಲ್ಲಿ ವಿಚಾರಿಸಿ ಹಾಲೇಶಣ್ಣನನ್ನು ಹಿಡಿದರು. ಹಾಲೇಶಣ್ಣ ನನಗೆ ಫೋನ್ ಮಾಡಿದರು. ಅವರು ಮಾತಾಡುತ್ತಿದ್ದಂತೆಯೇ ನಾನು ಪುಸ್ತಕ ತೆರೆದೆ. ಕಮಾನು ಇತ್ತು. ಸ್ಪಷ್ಟವಾಗಿತ್ತು.

"ನನ್ನ ಪುಸ್ತಕದಾಗೂ ಅಲ್ಲಿ ಚುಕ್ಕೇನೇ ಐತೇನು, ತಂಗಿ? ನೋಡಿ ಹೇಳು."

"ಹೂನಣ್ಣ. ಚುಕ್ಕೇನೇ ಐತೆ."

ಇಷ್ಟೇ ಮಾತು. ಹೆದರಿದ್ದೆ, ನಿಜ. ಆದರೆ ಹೆದರಿಕೆ ಆ ದಿನದ್ದು; ಉಳಿದ ಆರು ವರ್ಷಕ್ಕೆ —

ಮಾರನೆಯ ದಿನ ಅವರು ನ್ಯಾಮತಿಗೆ ಹೊರಟರು. ಜೊತೆಗೆ ಬಾ ಎಂದರು, ಹೋದೆ. ಟೈಲರ್ ಕೂರಲೂ ಹೇಳಲಿಲ್ಲ. "ಹೆಸರು ಮಾತ್ರ ದಪ್ಪ ಅಕ್ಷರದಾಗೆ ಹಾಕ್ಕಂಡೀರಿ" ಎಂದರು. ಹಾಲೇಶಣ್ಣ ತಲೆ ತಗ್ಗಿಸಿದರು. ನಂತರ, ತಮಗಿಂತ ಎಷ್ಟೋ ಚಿಕ್ಕವರಾದ ರೇಣುಕಮ್ಮನಿಗೆ ಕೈ ಮುಗಿದು, "ನನ್ನ ಕೈ ತಪ್ಪೈತೆ, ತಾಯಿ" ಎಂದರು. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ರೇಣುಕಮ್ಮ ಗಂಡನನ್ನೇ ಗದರಿದರು: "ಹಿರೇರು ಬಂದು ನಿಂತಾರೆ, ಕುರ್ಚಿ ಹಾಕ್ರಿ ಮೊದ್ಲು. ಒಂದೂವರೆ ತಿಂಗಳು ಪಾತ್ರೆ ತಿಕ್ಕೋ ಕೆಲಸ ನಿಮಗೆ ಬಂದೈತೆ, ಅದಕ್ಕೆ ಸಿಟ್ಟು." ಎಲ್ಲರೂ ಸ್ವಲ್ಪ ನಕ್ಕರು. ನಾನೂ ನಕ್ಕೆ. ಅದನ್ನು ಬರೆಯದೆ ಬಿಡಬಾರದು — ನಾನೂ ನಕ್ಕೆ.

ಊರಿಗೆ ಬಂದು ಚಿತ್ರ ತಿದ್ದಿ ಹಾಕಿದೆ. ಕೆಳಗೆ "ತಿದ್ದುಪಡಿ" ಎಂದು ನನ್ನ ಹೆಸರು ಸೇರಿಸಿದೆ. ಗುರುವಿನ ತಪ್ಪು ಹಿಡಿದ ಶಿಷ್ಯೆ ಎಂದು ನೀವು ಹೊಗಳಿದಿರಿ. ಧನ್ಯವಾದ ಹೇಳಿದೆ.

ಹಾಲೇಶಣ್ಣ ಪುಸ್ತಕ ವಾಪಸ್ ಕೇಳಲಿಲ್ಲ. ರಿಪೇರಿ ನಿಲ್ಲಿಸಿದರು. ಅಂಗಡಿಯಲ್ಲಿ ಈಗ ಬಲ್ಬು, ವೈರು, ಸ್ವಿಚ್ಚು ಮಾರುತ್ತಾರೆ. ತಕ್ಕಡಿ ತಂದವರಿಗೆ "ಬೇರೆ ಕಡೆ ತೋರಿಸ್ರಿ, ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ" ಎಂದು ಹೇಳಿ ಕಳಿಸುತ್ತಾರೆ. ನಾನು ಹೋದಾಗಲೆಲ್ಲ ಇದನ್ನು ಕೇಳಿಸಿಕೊಂಡೆ. ನಲವತ್ತು ವರ್ಷ ತಪ್ಪದ ಕೈ ಅದು.

ಕಳೆದ ಭಾನುವಾರ ಪುಸ್ತಕ ತೆಗೆದುಕೊಂಡು ಹೋಗಿ ಆ ಪುಟವನ್ನು ಅವರ ಮುಂದಿಟ್ಟೆ. ಏನು ಮಾಡಿದೆನೆಂದು ಹೇಳಿದೆ. ಕನ್ನಡಕ ಹಾಕಿಕೊಂಡು ಅವರು ಬಹಳ ಹೊತ್ತು ನೋಡಿದರು. ಮಧ್ಯೆ ಯಾರೋ ಬಲ್ಬಿನ ಹೋಲ್ಡರ್ ಕೇಳಿ ಬಂದರು. ಎದ್ದು ಕೊಟ್ಟು ಬಂದು ಮತ್ತೆ ಕೂತರು. ತಪ್ಪಾಯಿತು ಎಂದೆ.

"ಆರು ವರ್ಷ ನನ್ನ ಕೈನ ನಾನೇ ಬೈಕೊಂಡು ಕೂತಿದ್ದೆ" ಎಂದರು, ತಮಗೇ ಹೇಳಿಕೊಂಡಂತೆ. ಪುಸ್ತಕ ಮುಚ್ಚಿ ಕೇಳಿದರು: "ಆ ರೇಣುಕಮ್ಮಗೆ ಹೇಳಿದ್ಯಾ?"

ಇಲ್ಲ ಎಂದೆ.

"ಹೇಳಿ ಬಾ. ಈ ಸಲ ನಾನು ಬರಲ್ಲ."

ಚಿತ್ರದ ಕೆಳಗಿದ್ದ "ತಿದ್ದುಪಡಿ" ತೆಗೆದಿದ್ದೇನೆ. ಮೂಲ ಚಿತ್ರ ಸರಿಯಾಗಿತ್ತು, ತಪ್ಪು ನಕಲು ಮಾಡಿದವಳದು ಎಂದು ಅಲ್ಲಿ ಬರೆದಿದ್ದೇನೆ. ಅವರ ಪುಟದ ಫೋಟೊವನ್ನೂ ಪಕ್ಕದಲ್ಲಿ ಹಾಕಿದ್ದೇನೆ. ನಾಳೆ ಬೆಳಿಗ್ಗೆ ನ್ಯಾಮತಿಗೆ ಹೋಗುತ್ತೇನೆ. ರೇಣುಕಮ್ಮನಿಗೆ ನನ್ನ ಮುಖ ನೆನಪಿರಲಿಕ್ಕಿಲ್ಲ. ಅವತ್ತು ಹಾಲೇಶಣ್ಣ ಕೈ ಮುಗಿಯುವಾಗ ಪಕ್ಕದಲ್ಲಿ ಸುಮ್ಮನೆ ನಿಂತಿದ್ದವಳು ನಾನು — ಮಾತನ್ನು ಅಲ್ಲಿಂದಲೇ ಶುರು ಮಾಡಬೇಕು.