ಇಟ್ಟ ಹೆಸರು, ಕೂಗದ ಹೆಸರು

ನಮ್ಮ ಮಗನಿಗೆ ನಾಮಕರಣ ಗೊತ್ತಾಗಿದ್ದ ದಿನಗಳಲ್ಲಿ ನಾನು ಕೂತು ಮಾಡುತ್ತಿದ್ದ ಕೆಲಸವೆಂದರೆ ಹೆಸರು ಅಳಿಸುವುದು.

ಗೆಜ್ಜಲಗೆರೆಯಲ್ಲಿ ನಾನಿರುವ ಸಣ್ಣ ಕಂಪನಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗೆ ಕೂರುವ ಬೋರ್ಡು ಮಾಡುತ್ತದೆ. ಕರೆಂಟು ಏರುಪೇರಾದಾಗ, ಬೋರಿನಲ್ಲಿ ನೀರು ಕೆಳಗಿಳಿದಾಗ ಮೋಟ್ರು ಸುಟ್ಟುಹೋಗದ ಹಾಗೆ ನೋಡಿಕೊಳ್ಳುವ ಬೋರ್ಡು ಅದು. ಅದಕ್ಕೆ ಬುದ್ಧಿ ಹೇಳುವ ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಯಾರು ಯಾರೋ ಬಂದು, ಬರೆದು, ಬಿಟ್ಟುಹೋಗಿದ್ದು. ಅದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಕಂಪೈಲರು ಪ್ರತಿ ಸಲವೂ ಹಳದಿ ಅಕ್ಷರದಲ್ಲಿ ಗೊಣಗುತ್ತಿತ್ತು: ಲೆಕ್ಕ ಹಾಕಿಡಲೆಂದು ಈ ವೇರಿಯಬಲ್ಲಿಗೆ ಹೆಸರಿಟ್ಟಿದ್ದೀರಿ, ಆಮೇಲೆ ಎಲ್ಲೂ ಬಳಸಿಲ್ಲ. ತಪ್ಪೇನಲ್ಲ, ಪ್ರೋಗ್ರಾಂ ಓಡುತ್ತದೆ. ಆದರೆ ಅಷ್ಟೊಂದು ಗೊಣಗಾಟದ ನಡುವೆ ನಿಜವಾಗಿ ಹೆದರಬೇಕಾದ ಎಚ್ಚರಿಕೆ ಒಂದು ಬಂದರೂ ಕಣ್ಣಿಗೆ ಬೀಳುವುದಿಲ್ಲ. ಎಲ್ಲವನ್ನೂ ಗುಡಿಸಿ ಹಾಕಿಬಿಡಮ್ಮ ಎಂದು ನಮ್ಮ ಓನರ್ ಹೇಳಿದ್ದರು. ಕೈಕೂಸಿನ ತಾಯಿ ಎಂದು ಮನೆಯಿಂದಲೇ ಮಾಡು ಅಂದಿದ್ದರು, ಪುಣ್ಯಾತ್ಮರು.

ಮನೆ ಮದ್ದೂರಿಗೂ ಮಳವಳ್ಳಿಗೂ ನಡುವಿನ ಹಳ್ಳಿಯಲ್ಲಿ. ಪಡಸಾಲೆಯಲ್ಲಿ ನನ್ನ ಲ್ಯಾಪ್‌ಟಾಪು, ಅದರ ಪಕ್ಕ ಪರೀಕ್ಷೆಗೆಂದು ತಂದಿಟ್ಟುಕೊಂಡ ಒಂದು ಬೋರ್ಡು, ಆಚೆಗೆ ತೊಟ್ಟಿಲು. ನಮ್ಮ ಅತ್ತೆ ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಮೊರದ ತುಂಬ ಅವರೆಕಾಯಿ ಹರವಿಕೊಂಡು ಸುಲಿಯುತ್ತಿದ್ದರು.

"ಅದೇನಮ್ಮ, ಒಂದೇ ಸಮ್ನೆ ಅಳಿಸ್ತಾನೇ ಕುಂತಿದ್ದೀಯ? ನಿಂಗೆ ಸಂಬ್ಳ ಕೊಡೋದು ಬರಿಯಾಕೋ ಅಳ್ಸಾಕೋ?"

"ಎರಡಕ್ಕೂ ಅತ್ತೆ. ಯಾರೋ ಒಂದು ಹೆಸರಿಟ್ಟು ಹೋಗವ್ರೆ. ಆಮೇಲೆ ಆ ಹೆಸರಿಡಿದು ಒಬ್ರೂ ಕೂಗೇ ಇಲ್ಲ. ಅಂಥವನ್ನ ತೆಗೀತಿದೀನಿ."

ಅತ್ತೆಯ ಕೈ ನಿಂತಿತು. "ನನ್ ಮಗನ್ ಥರ ಅನ್ನು," ಅಂದರು.

ನನಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ನನ್ನ ಗಂಡನಿಗೆ ಇಟ್ಟಿರುವುದು ಅವನ ತಾತನ ಹೆಸರು. ತಾತ ಎಂದರೆ ಅತ್ತೆಗೆ ಮಾವ. ಗಂಡನ ಹೆಸರು, ಮಾವನ ಹೆಸರು ಎರಡನ್ನೂ ಬಾಯಲ್ಲಿ ಆಡಿದವರಲ್ಲ ಅವರು. ಹೆತ್ತ ಮಗನನ್ನು ಹುಟ್ಟಿದಾಗಿನಿಂದ ಕರೆಯುವುದು "ಐದ" ಎಂದೇ. ನಮ್ಮ ಕಡೆ ಐದ ಎಂದರೆ ಹುಡುಗ, ಯಾವ ಹುಡುಗನಾದರೂ ಸರಿ.

"ಕಾಲುವೆ ಏರಿ ಮ್ಯಾಲೆ ನಿಂತ್ಕಂಡು ಲೇ ಐದಾ ಅಂತ ಕೂಗುದ್ರೆ, ಈಜ್ತಿದ್ದ ಐಕ್ಳೆಲ್ಲ ತಿರುಗಿ ನೋಡವು, ಇವನೊಬ್ಬನ್ ಬುಟ್ಟು," ಎಂದು ನಕ್ಕರು. ಆಮೇಲೆ ನಗು ಇಳಿಯಿತು. "ಒಂದ್ಸಲ ಮಳವಳ್ಳಿ ಬಸ್‌ಸ್ಟಾಂಡ್ನಲ್ಲಿ ತಪ್ಪಿಸ್ಕಂಡ. ಮೈಕ್ ಇಡ್ಕಂಡಿದ್ದೋನು, ಹೆಸ್ರೇಳಮ್ಮ ಕೂಗ್ತೀನಿ ಅಂತಾನೆ. ನಂಗೆ ಬಾಯ್ಗೆ ಬರ್ನಿಲ್ಲ. ಅಳ್ತಾ ನಿಂತಿದ್ದೀನಿ, ಹೆಸ್ರು ಮಾತ್ರ ಬರ್ನಿಲ್ಲ. ಪಕ್ಕದೂರಿನ್ ಎಂಗ್ಸು ಒಬ್ಳು ಅಲ್ಲಿದ್ಳು, ಅವ್ಳು ಯೋಳುದ್ಲು."

ನಾನು ಲ್ಯಾಪ್‌ಟಾಪು ಬದಿಗಿಟ್ಟೆ. ಅತ್ತೆ ತೊಟ್ಟಿಲ ಕಡೆ ನೋಡುತ್ತಿದ್ದರು.

"ಈಗ ಈ ಕೂಸ್ಗೆ ಅವರ ಹೆಸ್ರು ಇಡ್ತಾವ್ರೆ. ಮಗನ್ನೂ ಕೂಗ್ನಿಲ್ಲ, ಇನ್ ಇವನ್ನೂ ಐದಾ ಅಂತ್ಲೇ ಅನ್ಬೇಕು. ಒಂದೇ ಒಂದು ಹೆಸ್ರು ಬಾಯ್ತುಂಬ ಕೂಗ್ಬೇಕು ಅಂತ ನಂಗೂ ಆಸೆ ಕಣಮ್ಮ."

ಅವರು ಎಂದರೆ ತೀರಿಹೋದ ನಮ್ಮ ಮಾವ. ಮೊಮ್ಮಗನಿಗೆ ಆ ಹೆಸರೇ ಎಂದು ಮಾವನವರ ಅಣ್ಣ, ನಮ್ಮ ದೊಡ್ಡಮಾವ, ಮಗು ಹುಟ್ಟಿದ ದಿನವೇ ತೀರ್ಮಾನ ಹೇಳಿಯಾಗಿತ್ತು. ನಾವೂ ತಲೆಯಾಡಿಸಿದ್ದೆವು. ಅತ್ತೆಯನ್ನು ಯಾರೂ ಕೇಳಿರಲಿಲ್ಲ.

ಸಂಜೆ ಗಂಡನಿಗೆ ಹೇಳಿದೆ. ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ ಅವನಿಗೆ. ಅಷ್ಟು ದಪ್ಪ ತಂತಿಗಳ ಹತ್ತಿರ ಓಡಾಡಲು ಹೆದರದವನು, "ದೊಡ್ಡಪ್ಪನ ಮುಂದೆ ಯಾರೇ ಬಾಯಿ ಬುಡೋರು?" ಎಂದು ಕೈಕಾಲು ತೊಳೆಯಲು ಹೋದ.

ಮಾರನೆಯ ದಿನ ನನ್ನ ಅಳಿಸುವ ಉಮೇದು ಜಾಸ್ತಿಯಾಯಿತು. ಬಳಸದ ಒಂದು ಹೆಸರು ಕಂಡಿತು. ಸಾಲಿಗೆ ಸಾಲೇ ಕಿತ್ತೆಸೆದೆ. ಬೋರ್ಡಿಗೆ ಹಾಕಿ ನೋಡಿದರೆ ಕೆಂಪು ದೀಪ ಹತ್ತಿ ಕೂತಿತು, ಏನು ಮಾಡಿದರೂ ಹಸಿರಿಗೆ ಬಾರದು. ಊಟದ ಹೊತ್ತಿಗೆ ಅರ್ಥವಾಯಿತು. ಆ ಸಾಲು ಬೋರ್ಡಿನ ಮೇಲಿನ ಚಿಪ್ ಅನ್ನು ಒಂದು ಮಾತು ಕೇಳುತ್ತಿತ್ತು, ಬಂದ ಉತ್ತರವನ್ನು ಆ ಹೆಸರಿನಲ್ಲಿ ಹಾಕಿಡುತ್ತಿತ್ತು. ಉತ್ತರ ಯಾರಿಗೂ ಬೇಡ, ನಿಜ. ಆದರೆ ಹಾಗೆ ಒಮ್ಮೆ ಕೇಳಿದರೆ ಮಾತ್ರ ಚಿಪ್ ಹಳೆಯ ದೂರನ್ನು ಮರೆತು ಮುಂದಕ್ಕೆ ಹೋಗುವುದು. ಕೇಳುವುದನ್ನು ಉಳಿಸಿ ಹೆಸರನ್ನಷ್ಟೇ ತೆಗೆದೆ. ಹಸಿರು ದೀಪ ಬಂತು.

"ಏನಾಗಿತ್ತಮ್ಮ?" ಅತ್ತೆ ಕೇಳಿದರು.

"ಹೆಸರು ತೆಗೆಯೋಕೋಗಿ ಕೆಲಸಾನೂ ತೆಗೆದುಬಿಟ್ಟಿದ್ದೆ. ಈಗ ಹೆಸರಿಲ್ಲ, ಕೆಲಸ ಅದೆ. ಮೋಟ್ರು ಓಡುತ್ತೆ."

"ಓ," ಅಂದರು. ಅಷ್ಟೇ.

ದೊಡ್ಡಮಾವ ನಾಮಕರಣಕ್ಕೆ ಅಡುಗೆಯವರನ್ನು ಗೊತ್ತುಮಾಡುವ ಮಾತಾಡಲು ಭಾನುವಾರ ಬಂದರು. ಮುದ್ದೆಗೆ ಅವರೆಕಾಳಿನ ಸಾರು. ಎರಡನೆಯ ತುತ್ತು ಅದ್ದುತ್ತಿದ್ದಾಗ ಅಡುಗೆಮನೆಯ ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು. ಭಾವನ ಎದುರು ಅವರು ಬಾಯಿಬಿಟ್ಟು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಭಾವ, ಆ ಹೆಸ್ರು ಬ್ಯಾಡ. ಬ್ಯಾರೆ ಇಡಾನ."

ತುತ್ತು ಕೈಯಲ್ಲೇ ನಿಂತಿತು. "ಏನಂದೆ? ನನ್ ತಮ್ಮನ್ ಹೆಸ್ರು ಈ ಮನೇಲಿ ಅಳಿಸ್ಬುಡ್ತೀರಾ?"

"ಹೆಸ್ರು ತಗುದ್ರೆ ಕೆಲ್ಸ ನಿಲ್ಲಾಕಿಲ್ಲ ಭಾವ. ಮೋಟ್ರು ಓಡ್ತದೆ. ಕಂಪನಿಲೂ ಅಂಗೇ ಅಂತೆ. ನಮ್ ಸೊಸೆನೇ ಕೇಳಿ."

ದೊಡ್ಡಮಾವ ನನ್ನತ್ತ ತಿರುಗಿದರು. ನಾನು ಬೇಗ ಬೇಗ ತಲೆಯಾಡಿಸಿದೆ. ಗಂಡ ತಟ್ಟೆ ನೋಡುತ್ತಿದ್ದ.

"ಯಾವ್ ಮೋಟ್ರು?" ಎಂದರು ದೊಡ್ಡಮಾವ.

"ಎಲ್ಲಾ ಮೋಟ್ರೂವೆ," ಅಂದರು ಅತ್ತೆ. ಆಮೇಲೆ ದನಿ ಮೆತ್ತಗಾಯಿತು. "ಅವರು ಕಟ್ಸಿದ್ ಮನೇಲಿ ಇದೀವಿ, ಅವರು ತೆಗ್ಸಿದ್ ಬೋರ್ನಲ್ಲಿ ನೀರ್ ಕುಡೀತೀವಿ. ಅವರು ಎಲ್ಲೋದಾರು? ನಂಗೆ ಮೊಮ್ಮಗನ್ನ ಕೂಗ್ಬೇಕು ಭಾವ. ಆ ಹೆಸ್ರಿಟ್ರೆ ಕೂಗಾಕಾಗಕಿಲ್ಲ."

ದೊಡ್ಡಮಾವ ಬಾಗಿಲ ಕಡೆ ನೋಡಿದರು, ಮರೆಯಲ್ಲಿ ಕಾಣುತ್ತಿದ್ದುದು ಸೆರಗಿನ ಅಂಚೊಂದೇ. ತುತ್ತು ನುಂಗಿದರು.

"ಒಂದೀಟು ಸಾರು ಬುಡಮ್ಮ," ಎಂದರು ನನಗೆ. ಸಾರು ಬಿದ್ದ ಮೇಲೆ, "ಅದೇನ್ ಇಡ್ತೀಯೋ ಇಟ್ಕೊ. ನಾನು ಮಾತ್ರ ನನ್ ತಮ್ಮನ್ ಹೆಸ್ರಲ್ಲೇ ಕೂಗೋನು."

"ನೀವ್ ಕೂಗಿ ಭಾವ. ನಿಮ್ಗೇನು ಅಡ್ಡ ಇಲ್ವಲ್ಲ."

ಕಂಪೈಲರು ಒಂದೂ ಗೊಣಗದೆ ಮುಗಿಸಿದ್ದು ನಾಮಕರಣದ ಹಿಂದಿನ ದಿನ. ಪ್ರೋಗ್ರಾಂ ಕಳಿಸಿ, ಲ್ಯಾಪ್‌ಟಾಪು ಮುಚ್ಚಿ, ಹೂ ಕಟ್ಟಲು ಕೂತೆ. ಮರುದಿನ ನಾದಿನಿ ಮಗುವಿನ ಕಿವಿಯಲ್ಲಿ ಹೇಳಿದ್ದು ಅತ್ತೆ ಆರಿಸಿದ ಹೆಸರು. ದೂರಕ್ಕೆ ಎಳೆದು ಕೂಗಲು ಬರುವಂಥದ್ದು.

ಅವತ್ತಿನಿಂದ ಶುರುವಾಯಿತು ನೋಡಿ. ಹಿತ್ತಿಲಿಂದ, ಕೊಟ್ಟಿಗೆಯಿಂದ, ಕಣದಿಂದ, ಅತ್ತೆ ಎಲ್ಲಿದ್ದರೆ ಅಲ್ಲಿಂದಲೇ ಕೂಗು. ಇನ್ನೂ ಕತ್ತು ನಿಂತಿರದ ಕೂಸು ಓಗೊಡುವುದುಂಟೇ? ಒಂದು ಬೆಳಗ್ಗೆ ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಇಣುಕಿದಳು.

"ಇದೇನಕ್ಕ ಇಂಗ್ ಕೂಗ್ತೀಯ? ಕೊಕ್ಕರೆ ಬೆಳ್ಳೂರಿನ್ ಕೊಕ್ರೆಗಳೆಲ್ಲ ಎದ್ದೋದಾವು. ನಿನ್ ಮೊಮ್ಮಗ ಮಲಗವ್ನಲ್ಲ?"

"ಮಲಗ್ಲಿ ಬುಡು," ಅತ್ತೆ ಹುಲ್ಲಿನ ಕಂತೆ ಕೆಳಗಿಳಿಸಿ ಸೊಂಟಕ್ಕೆ ಕೈಕೊಟ್ಟರು. "ಅವ್ನು ಬರ್ಲಿ ಅಂತ ಯಾರ್ ಕೂಗುದ್ರು?"